ಎರಡನೇ ತರಗತಿಯ ಮಧ್ಯವರ್ಷದ ಕಲಿಕೆ ಮತ್ತು ಶಾಲೆ ಬದಲಾವಣೆ: ಪೋಷಕರಿಗೆ ಮಾಹಿತಿ

ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದಸರಾ ರಜೆಯ ನಂತರ ವರ್ಷದ ಎರಡನೇ ಅವಧಿಯ ಬೋಧನೆಯು ಆರಂಭವಾಗುತ್ತದೆ. ಸರಿಸುಮಾರು ಇದೇ ಸಮಯದಲ್ಲಿ ಕಬ್ಬಿನ ಕಟಾವು, ಇಟ್ಟಿಗೆ ಗೂಡು, ಕಟ್ಟಡ ನಿರ್ಮಾಣ ಮುಂತಾದ ಕೆಲಸಗಳಿಗಾಗಿ ಅನೇಕ ಕುಟುಂಬಗಳು ಸ್ವಂತ ಊರನ್ನು ಬಿಟ್ಟು ಬೇರೆ ತಾಲ್ಲೂಕು ಅಥವಾ ಜಿಲ್ಲೆಗಳಿಗೆ ತೆರಳುತ್ತವೆ. ಅರ್ಧ ವರ್ಷ ಕಳೆದ ಮೇಲೆ ಹೊಸ ಊರಿನ ಶಾಲೆಯಲ್ಲಿ ಮಗುವನ್ನು ಸೇರಿಸಿಕೊಳ್ಳಲಾರರು, ಸೇರಿಸಿಕೊಂಡರೂ ಅಲ್ಲಿನ ಪಾಠ ಬಹಳ ಮುಂದೆ ಹೋಗಿರುತ್ತದೆ ಎಂಬ ಭಾವನೆಯಿಂದ ಕೆಲವು ಪೋಷಕರು ಮುಂದಿನ ಜೂನ್ ತಿಂಗಳವರೆಗೆ ಮಗುವನ್ನು ಕೆಲಸದ ಸ್ಥಳದಲ್ಲಿಯೇ ಉಳಿಸಿಕೊಳ್ಳುವುದುಂಟು. ಎರಡನೇ ತರಗತಿಯ ಮಗುವಿನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಆಗತಾನೇ ಕೂಡಿಸಿ ಓದಲು ಕಲಿತ ಅಕ್ಷರಗಳು ಬಳಕೆಯಿಲ್ಲದಿದ್ದರೆ ಬೇಗನೆ ಮರೆತುಹೋಗುತ್ತವೆ. ಮೇಲಿನ ಎರಡೂ ಭಾವನೆಗಳು ಸರಿಯಲ್ಲವೆಂಬುದನ್ನು ಪೋಷಕರ ಗಮನಕ್ಕೆ ತರುವ ಸಲುವಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ನಲಿ-ಕಲಿ ಪದ್ಧತಿ

ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಎರಡನೇ ತರಗತಿಯಲ್ಲಿ ಬೋಧನೆಯು ನಲಿ-ಕಲಿ ಪದ್ಧತಿಯಂತೆ ನಡೆಯುತ್ತದೆ. ಆಂಧ್ರ ಪ್ರದೇಶದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳಲ್ಲಿ ರೂಪುಗೊಂಡಿದ್ದ ಕ್ರಮವನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಯುನಿಸೆಫ್ ಸಂಸ್ಥೆಯ ನೆರವಿನೊಂದಿಗೆ 1995ರಲ್ಲಿ ಇದನ್ನು ಆರಂಭಿಸಿದರು. 2009-10ನೇ ಸಾಲಿನಿಂದ ಇದನ್ನು ರಾಜ್ಯದಾದ್ಯಂತ ಒಂದು ಮತ್ತು ಎರಡನೇ ತರಗತಿಗಳಿಗೆ, ಬಳಿಕ ಮೂರನೇ ತರಗತಿಗೂ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಇಡೀ ತರಗತಿಗೆ ಒಂದೇ ದಿನ ಒಂದೇ ಪಾಠವೆಂಬುದು ಇರುವುದಿಲ್ಲ. ಪ್ರತಿಯೊಂದು ವಿಷಯದ ಕಲಿಕಾಂಶಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಅವುಗಳನ್ನು ಮೈಲಿಗಲ್ಲುಗಳೆಂದು ಗುಂಪುಗೂಡಿಸಿ, ಕಲಿಕಾ ಏಣಿ ಎಂಬ ಪಟದಲ್ಲಿ ತೋರಿಸಲಾಗಿರುತ್ತದೆ. ಮಗುವು ತಾನು ನಿಂತಿರುವ ಮೆಟ್ಟಿಲನ್ನು ಏಣಿಯಲ್ಲಿ ನೋಡಿ, ಅದಕ್ಕೆ ಸಂಬಂಧಿಸಿದ ಕಾರ್ಡನ್ನು ತಾನೇ ತೆಗೆದುಕೊಂಡು ನಿಗದಿತ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಹೊಸ ಅಂಶವನ್ನು ಕಲಿಯುವ ಮಗು ಶಿಕ್ಷಕರ ಸಂಪೂರ್ಣ ಸಹಾಯ ದೊರೆಯುವ ಗುಂಪಿನಲ್ಲಿಯೂ, ಸ್ವಲ್ಪ ಹಿಡಿತ ಬಂದ ಮಗು ಶಿಕ್ಷಕರ ಭಾಗಶಃ ಸಹಾಯದ ಗುಂಪಿನಲ್ಲಿಯೂ, ಅಭ್ಯಾಸದ ಹಂತದ ಮಕ್ಕಳು ಸಹಪಾಠಿಗಳ ಸಹಾಯದ ಗುಂಪುಗಳಲ್ಲಿಯೂ, ಸ್ವಂತವಾಗಿ ಮಾಡಬಲ್ಲ ಮಕ್ಕಳು ಸ್ವಕಲಿಕೆಯ ಗುಂಪಿನಲ್ಲಿಯೂ ಇರುತ್ತಾರೆ. ಮೆಟ್ಟಿಲು ಮುಗಿದಂತೆ ಪ್ರಗತಿ ನೋಟದಲ್ಲಿ ಗುರುತು ಮಾಡಲಾಗುತ್ತದೆ.

ಅಕ್ಷರಗಳನ್ನೂ ಇಲ್ಲಿ ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭವಾಗಿ, ಮುಂದೆ ಜ, ವ, ಮ, ಬ, ನ ಎಂಬ ಗುಂಪು ಬರುತ್ತದೆ. ಐದೇ ಅಕ್ಷರ ಕಲಿತ ಮಗು ‘ಗರಗಸ’, ‘ಸರ’, ‘ದರ’, ‘ಅರಸ’ ಎಂಬ ಪದಗಳನ್ನು ಓದಬಲ್ಲದು. ಅ ಆ ಇ ಈ ಸಾಲಾಗಿ ಒಪ್ಪಿಸಲು ಬಾರದ ಮಗುವನ್ನು ಕಂಡು ಏನೂ ಕಲಿತಿಲ್ಲವೆಂದು ಮನೆಯ ಹಿರಿಯರು ತೀರ್ಮಾನಿಸುವುದು ಸಾಮಾನ್ಯವಾಗಿದ್ದು, ಅಂತಹ ಮಗುವಿಗೆ ಒಂದು ಸರಳ ವಾಕ್ಯವನ್ನು ಕೊಟ್ಟು ಓದಿಸಿ ನೋಡುವುದು ಸೂಕ್ತ.

ವರ್ಷದ ಮಧ್ಯದಲ್ಲಿ ಮಗುವಿನ ಸ್ಥಿತಿ

ದಸರಾ ರಜೆ ಮುಗಿಸಿ ಬಂದ ಎರಡನೇ ತರಗತಿಯ ಮಕ್ಕಳು ಸಾಮಾನ್ಯವಾಗಿ ಗುಣಿತಾಕ್ಷರಗಳಿಂದ ಒತ್ತಕ್ಷರಗಳತ್ತ ಸಾಗುವ ಹಂತದಲ್ಲಿರುತ್ತಾರೆ. ಕನ್ನಡ ಕಲಿಕೆಯಲ್ಲಿ ಅತ್ಯಂತ ಕಷ್ಟದ ಏರು ಇದೇ ಎಂದರೆ ತಪ್ಪಾಗಲಾರದು. ‘ಅಕ್ಕ’, ‘ಬೆಲ್ಲ’, ‘ಹಗ್ಗ’ ಮುಂತಾದ ಪದಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು ಬರುವುದರಿಂದ ಅವು ಬೇಗ ಹಿಡಿತಕ್ಕೆ ಸಿಗುತ್ತವೆ. ‘ಪುಸ್ತಕ’, ‘ಚಂದ್ರ’, ‘ಸೂರ್ಯ’ ಎಂಬಲ್ಲಿ ಬೇರೆ ಅಕ್ಷರದ ಒತ್ತು ಬಂದಾಗ ಮಗು ತಡವರಿಸುತ್ತದೆ. ಜೂನ್‌ನಲ್ಲಿ ಸರಾಗವಾಗಿ ಓದುತ್ತಿದ್ದ ಮಗು ನವೆಂಬರ್‌ನಲ್ಲಿ ನಿಧಾನವಾದಂತೆ ತೋರುತ್ತದೆ. ಇದು ಹಿಂದೆ ಬಿದ್ದಿರುವುದರ ಲಕ್ಷಣವಲ್ಲ. ಹ್ರಸ್ವ-ದೀರ್ಘಗಳ ವ್ಯತ್ಯಾಸ, ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯುವುದು ಮುಂತಾದ ತಪ್ಪುಗಳಿಗೂ ಮನೆಮಾತಿನ ಉಚ್ಚಾರಣೆಯೇ ಬಹುಮಟ್ಟಿಗೆ ಕಾರಣ. ಇವು ಗದರಿಸುವುದರಿಂದಲ್ಲ, ಓದಿನಿಂದ ಸರಿಹೋಗುತ್ತವೆ.

ಗಣಿತದಲ್ಲಿ ಹತ್ತು ಕಡ್ಡಿಗಳನ್ನು ಒಂದು ಕಂತೆಯಾಗಿ ಕಟ್ಟಿ ಬಿಡಿ ಮತ್ತು ಹತ್ತುಗಳ ಸ್ಥಾನಬೆಲೆಯನ್ನು ಕಲಿಸಲಾಗುತ್ತದೆ. 32ರಿಂದ 15ನ್ನು ಕಳೆಯುವಾಗ ಒಂದು ಕಂತೆಯನ್ನು ಬಿಚ್ಚಬೇಕಾಗುತ್ತದೆ ಎಂಬುದನ್ನು ಕೈಯಿಂದ ಮಾಡಿ ತಿಳಿದ ಮಗು ‘ಸಾಲ ಪಡೆಯುವ’ ಲೆಕ್ಕವನ್ನು ಮುಂದೆ ಮರೆಯುವುದಿಲ್ಲ. ಮನೆಯಲ್ಲಿ ಇದಕ್ಕೆ ಪೊರಕೆ ಕಡ್ಡಿ ಅಥವಾ ಹುಣಸೆಬೀಜ ಸಾಕು. ಯಾವುದೇ ಉಪಕರಣವನ್ನು ಖರೀದಿಸುವ ಅವಶ್ಯಕತೆಯಿಲ್ಲ. ಪರಿಸರ ಅಧ್ಯಯನದ ಚಟುವಟಿಕೆಗಳು ದಿನದ ಹವಾಮಾನವನ್ನು ಗುರುತಿಸುವುದು, ಸುತ್ತಲಿನ ಗಿಡ, ಪ್ರಾಣಿ, ವೃತ್ತಿಗಳ ಬಗ್ಗೆ ಮಾತನಾಡುವುದು ಮುಂತಾಗಿ ನಡೆಯುತ್ತವೆ. ಮಕ್ಕಳು ಬರೆದ ಚಿತ್ರ ಹಾಗೂ ಹಾಳೆಗಳನ್ನು ತಲೆಯ ಮೇಲೆ ಕಟ್ಟಿದ ದಾರಗಳ ಕಲಿಕಾ ಚಪ್ಪರಕ್ಕೆ ತೂಗುಹಾಕಲಾಗುತ್ತದೆ. ಶಾಲೆಗೆ ಭೇಟಿ ನೀಡುವ ಪೋಷಕರು ಅಲ್ಲಿ ತಮ್ಮ ಮಗುವಿನ ಕೆಲಸವನ್ನು ನೋಡಬಹುದು.

ವರ್ಷಾಂತ್ಯದ ಗುರಿಯ ಬಗ್ಗೆ ಹೇಳುವುದಾದರೆ, ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ನಿಪುಣ ಭಾರತ್ ಮಾರ್ಗಸೂಚಿಯಲ್ಲಿ ಎರಡನೇ ತರಗತಿಯ ಕೊನೆಗೆ ಮಗುವು ನಿಮಿಷಕ್ಕೆ 45ರಿಂದ 60 ಪದಗಳನ್ನು ಅರ್ಥಸಹಿತ ಓದಬೇಕೆಂದೂ, 999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕೆಂದೂ ಸೂಚಿಸಲಾಗಿದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಪದಗಳು ಉದ್ದವಾಗುವುದರಿಂದ, ಗಡಿಯಾರ ಹಿಡಿದು ಪದಗಳನ್ನು ಎಣಿಸುವುದಕ್ಕಿಂತ ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂದು ನೋಡುವುದು ಹೆಚ್ಚು ಉಪಯುಕ್ತ.

ವರ್ಷದ ಮಧ್ಯದಲ್ಲಿ ಸೇರುವ ಮಗು

ಏಣಿಯ ಪದ್ಧತಿಯ ಮುಖ್ಯ ಪ್ರಯೋಜನ ಕಂಡುಬರುವುದು ಇಂತಹ ಮಗುವಿನ ವಿಷಯದಲ್ಲಿಯೇ. ಒಂದೇ ತರಗತಿಯ ಮಕ್ಕಳು ಹೇಗೂ ಬೇರೆ ಬೇರೆ ಮೆಟ್ಟಿಲುಗಳಲ್ಲಿರುವುದರಿಂದ, ಹೊಸದಾಗಿ ಬಂದ ಮಗು ತಪ್ಪಿಸಿಕೊಂಡ ಪಾಠ ಎಂಬುದು ಇರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಆಖೈರು ಶಿಲ್ಕನ್ನು ಮುಂದಿನ ಪುಟದ ತಲೆಗೆ ಬರೆದುಕೊಳ್ಳುವಂತೆ, ಮಗುವು ಹಿಂದಿನ ಶಾಲೆಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಇಲ್ಲಿ ಮುಂದುವರಿಯಬಹುದು. ದೀರ್ಘಕಾಲ ಗೈರುಹಾಜರಾಗಿ ಮರಳಿದ ಮಗುವಿಗೂ ಇದೇ ಅನ್ವಯಿಸುತ್ತದೆ. ಆದುದರಿಂದ ಊರು ಬಿಡುವ ಮುನ್ನ ಪೋಷಕರು ತರಗತಿ ಶಿಕ್ಷಕರನ್ನು ಕಂಡು, ಕನ್ನಡ ಮತ್ತು ಗಣಿತದಲ್ಲಿ ಮಗು ಯಾವ ಮೈಲಿಗಲ್ಲಿನ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳಿತು. ಹಾಳೆ ಇಲ್ಲದಿದ್ದಲ್ಲಿ ಹೊಸ ಶಾಲೆಯ ಶಿಕ್ಷಕರು ಮಗುವಿನಿಂದ ಓದಿಸಿ, ಬರೆಯಿಸಿ ಮೆಟ್ಟಿಲನ್ನು ಗುರುತಿಸಬಹುದಾದರೂ ಅದಕ್ಕೆ ಕೆಲವು ದಿನಗಳು ಹಿಡಿಯುತ್ತವೆ.

ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಮಾತನಾಡುವ ಮಗು, ಇಲ್ಲವೇ ಕಲಬುರಗಿ, ರಾಯಚೂರು ಕಡೆಯ ಕನ್ನಡವನ್ನಾಡುವ ಮಗು ಬೆಂಗಳೂರಿನ ಶಾಲೆಗೆ ಸೇರಿದಾಗ ಮೊದಲ ಕೆಲವು ವಾರ ಮೌನವಾಗಿರುವುದು ಸಹಜ. ಆ ಮೌನವನ್ನು ದಡ್ಡತನವೆಂದು ಭಾವಿಸಿ ಕೆಳಗಿನ ತರಗತಿಯಲ್ಲಿ ಕೂರಿಸುವಂತೆ ಪೋಷಕರೇ ಕೋರುವ ಸಂದರ್ಭಗಳಿವೆ. ಹಾಗೆ ಕೋರಬಾರದು.

ದಾಖಲಾತಿಗೆ ಸಂಬಂಧಿಸಿದಂತೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 4ನೇ ಪ್ರಕರಣದ ಪ್ರಕಾರ, ಶಾಲೆಗೆ ಸೇರದೆ ಅಥವಾ ನಡುವೆ ಬಿಟ್ಟು ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳತಕ್ಕದ್ದು ಹಾಗೂ ಉಳಿದ ಮಕ್ಕಳಿಗೆ ಸಮನಾಗಲು ಅದಕ್ಕೆ ವಿಶೇಷ ತರಬೇತಿ ಪಡೆಯುವ ಹಕ್ಕಿರುತ್ತದೆ. 5ನೇ ಪ್ರಕರಣದಂತೆ ಮಗುವಿಗೆ ರಾಜ್ಯದೊಳಗೆ ಅಥವಾ ಹೊರರಾಜ್ಯದಿಂದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕಿದ್ದು, ಹಿಂದಿನ ಶಾಲೆಯ ಮುಖ್ಯ ಶಿಕ್ಷಕರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ನೀಡತಕ್ಕದ್ದು. ಪ್ರಮಾಣಪತ್ರವನ್ನು ಹಾಜರುಪಡಿಸಲು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. ವಯಸ್ಸಿನ ಪುರಾವೆ ಇಲ್ಲವೆಂದು (14ನೇ ಪ್ರಕರಣ) ಅಥವಾ ದಾಖಲಾತಿ ಅವಧಿ ಮುಗಿದಿದೆಯೆಂದು (15ನೇ ಪ್ರಕರಣ) ಹಿಂದಕ್ಕೆ ಕಳುಹಿಸುವುದಕ್ಕೂ ಅವಕಾಶವಿಲ್ಲ. ಮಗುವಿಗೆ ಪ್ರವೇಶ ಪರೀಕ್ಷೆ ನಡೆಸುವುದನ್ನು 13ನೇ ಪ್ರಕರಣವು ನಿಷೇಧಿಸಿದೆ. ಸೇರಿಸಿಕೊಂಡ ನಂತರ ಮೆಟ್ಟಿಲನ್ನು ತಿಳಿಯಲು ಓದಿಸಿ ನೋಡುವುದು ಪರೀಕ್ಷೆಯಲ್ಲ. 2019ರ ತಿದ್ದುಪಡಿಯಿಂದ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ದೊರೆತ ಅವಕಾಶವು 5 ಮತ್ತು 8ನೇ ತರಗತಿಗಳಿಗೆ ಮಾತ್ರ ಸೀಮಿತವಾಗಿದ್ದು, ಎರಡನೇ ತರಗತಿಗೆ ಅನ್ವಯಿಸುವುದಿಲ್ಲ.

ಪೋಷಕರು ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ಬಿಳಿ ಹಾಳೆಯಲ್ಲಿ ಮನವಿ ಸಲ್ಲಿಸಿ, ಹಿಂದಿನ ಶಾಲೆಯ ಹೆಸರು, ಊರು, ತಾಲ್ಲೂಕು ಹಾಗೂ ತಿಳಿದಿದ್ದಲ್ಲಿ ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆಯನ್ನು ನಮೂದಿಸುವುದು. ಮನವಿಯ ಒಂದು ಪ್ರತಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳುವುದನ್ನು ಮರೆಯಬಾರದು. ಮುಂದೆ ದೂರು ನೀಡಬೇಕಾದ ಸಂದರ್ಭ ಬಂದಲ್ಲಿ ಕೈಯಲ್ಲಿರುವ ಆಧಾರ ಅದೊಂದೇ. ದಾಖಲಾತಿಗೆ ತೊಂದರೆಯಾದಲ್ಲಿ ಸಂಬಂಧಿಸಿದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಬಹುದು. ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರನ್ನೂ ಸಲ್ಲಿಸಬಹುದಾಗಿದ್ದು, ಅದನ್ನು 3 ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಕೆಲಸದ ಅವಧಿ ಮುಗಿಸಿ ಸ್ವಂತ ಊರಿಗೆ ಹಿಂದಿರುಗುವಾಗಲೂ ಇದೇ ಕ್ರಮವನ್ನು ಅನುಸರಿಸಿ, ಮೆಟ್ಟಿಲಿನ ಹಾಳೆಯನ್ನು ಬರೆಸಿಕೊಂಡು ಹೋಗುವಂತೆ ಪೋಷಕರನ್ನು ಕೋರಲಾಗಿದೆ.