ಶ್ರವ್ಯನಾಟಕದಲ್ಲಿ ಕಾಲಯಾನ

ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸಬಲ್ಲ ಕೆಲವು ಮನುಷ್ಯರು, ಎಲ್ಲಿಯೋ ನೆಲದಡಿಯಲ್ಲಿ ಸೆರೆಯಾಗಿದ್ದ ಪುರಾತನ ದುಷ್ಟಶಕ್ತಿಯೊಂದನ್ನು ಎದುರಿಸುವರು. ಅದರ ಸೆರೆ ಹರಿಯುವುದರೊಳಗಾಗಿ ಲೋಕವನ್ನು ಉಳಿಸುವರು. ಇಂಗ್ಲಿಷಿನಲ್ಲಿ ಇಂಥ ಕಥೆಗಳು ಶ್ರವ್ಯನಾಟಕದ ಒಂದು ಪ್ರಭೇದವೇ ಆಗಿ ಬೆಳೆದಿವೆ. ಬಾಲವಿನೋದವೆಂದು ಇವುಗಳನ್ನು ಬದಿಗೆ ಸರಿಸುವವರು ಉಂಟು. ಆದರೆ ಈ ಪ್ರಭೇದದ ಹುಟ್ಟನ್ನೂ ಅದರ ಒಳಗುಟ್ಟನ್ನೂ ವಿಚಾರಿಸಿದರೆ, ಮುಂಬಯಿಗೆ ಸೇರಿದ ಕೆಲವು ಸಂಗತಿಗಳೂ ಕನ್ನಡಿಗರು ಬಹುಕಾಲದಿಂದ ಬಲ್ಲ ಒಂದು ಕಲೆಯೂ ದಾರಿಯಲ್ಲಿ ಎದುರಾಗುತ್ತವೆ.

ಕಾಲಯಾನಕ್ಕೆ ಯಂತ್ರವೊಂದನ್ನು ಕಲ್ಪಿಸಿ ಅದನ್ನು ಜನಪ್ರಿಯಗೊಳಿಸಿದವನು ಎಚ್. ಜಿ. ವೆಲ್ಸ್. ಅವನ ಕಾದಂಬರಿ ಪ್ರಕಟವಾದುದು 1895ರಲ್ಲಿ. ಆ ಕಲ್ಪನೆಯನ್ನು ಮನೆಮನೆಗೆ ಮುಟ್ಟಿಸಿದುದು 1963ರ ನವೆಂಬರ್ 23ರಂದು ಬಿ.ಬಿ.ಸಿ. ದೂರದರ್ಶನದಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿ. ಹೊರಗಿನಿಂದ ಪೊಲೀಸರ ಕರೆಪೆಟ್ಟಿಗೆಯಂತೆ ಕಾಣುವ ವಾಹನವೊಂದರಲ್ಲಿ ಕುಳಿತು ನಾಯಕನು ಯುಗಗಳನ್ನು ದಾಟುತ್ತಾನೆ. ಇದರ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಆಗ ಇನ್ನೂ ಇಪ್ಪತ್ತೈದು ತುಂಬದ ತರುಣ. 1938ರಲ್ಲಿ ಲಖನೌದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಲ್ಯವನ್ನು ಕಳೆದು, 1946ರಲ್ಲಿ ತಂದೆತಾಯಿಗಳೊಡನೆ ಇಂಗ್ಲೆಂಡಿಗೆ ಹೋದವರು ಅವರು. ಅವರ ತಾಯಿ ಆತಿಯಾ ಹುಸೇನ್ ಕಾದಂಬರಿಕಾರ್ತಿಯೆಂದು ಪ್ರಸಿದ್ಧರು, ಬಿ.ಬಿ.ಸಿ.ಯ ಪೌರಸ್ತ್ಯ ಬಾನುಲಿ ವಿಭಾಗದಲ್ಲಿಯೂ ದುಡಿದವರು. ಬಾನುಲಿಯ ಮನೆಯಿಂದ ಬಂದ ಮಗನು ದೂರದರ್ಶನದ ಕಾಲಯಾತ್ರಿಕರನ್ನು ಮೊದಲ ಬಾರಿಗೆ ಶಿಲಾಯುಗದ ಗುಹೆಯೊಂದಕ್ಕೆ ಕರೆದೊಯ್ದನು.

ಆ ಧಾರಾವಾಹಿಯ ಮಾಯೆಯಲ್ಲಿ ಹೆಚ್ಚಿನ ಪಾಲು ಕಣ್ಣಿನದಲ್ಲ. ಚಿತ್ರೀಕರಣಕ್ಕೆ ದೊರೆತ ಹಣವು ಅಲ್ಪ, ರಂಗಸಜ್ಜಿಕೆಯು ರಟ್ಟು ಮತ್ತು ಹಲಗೆಯದು. ಕಾಲಯಾನದ ಭ್ರಮೆಯನ್ನು ಹುಟ್ಟಿಸಿದುದು ಧ್ವನಿ. ಬಿ.ಬಿ.ಸಿ.ಯವರು 1958ರಲ್ಲಿ, ಮುಖ್ಯವಾಗಿ ಬಾನುಲಿ ನಾಟಕಗಳಿಗೆ ಅಪೂರ್ವ ಧ್ವನಿಗಳನ್ನು ಒದಗಿಸಲೆಂದು, ಒಂದು ಧ್ವನಿ ಕಾರ್ಯಾಗಾರವನ್ನು ತೆರೆದಿದ್ದರು. ಅಲ್ಲಿಯ ಬ್ರಯನ್ ಹಾಡ್ಜ್‌ಸನ್ ಎಂಬಾತನು ಹಳೆಯ ಪಿಯಾನೋ ಒಂದರ ದಪ್ಪ ತಂತಿಯ ಮೇಲೆ ಬಾಗಿಲಿನ ಬೀಗದಕೈಯನ್ನು ಉಜ್ಜಿ, ಮುದ್ರಿತವಾದ ಆ ಸದ್ದನ್ನು ಹಿಂದುಮುಂದು ಮಾಡಿ, ಪ್ರತಿಧ್ವನಿಗೊಳಿಸಿ, ಕಾಲವಾಹನವು ಹೊರಡುವ ಸದ್ದನ್ನು ತಯಾರಿಸಿದನು. ಅಂದಿನಿಂದ ಇಂದಿನವರೆಗೆ ಆ ಸದ್ದು ಕೇಳಿದೊಡನೆ ಕೇಳುಗನು ಕಾಲ ಬದಲಾಯಿತೆಂದು ಒಪ್ಪಿಕೊಳ್ಳುತ್ತಾನೆ, ವಿವರಣೆ ಬೇಡುವುದಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದು ಮುಂದೆ ನಡೆಯಿತು. ಟೇಪುಗಳನ್ನು ಮತ್ತೆ ಉಪಯೋಗಿಸುವ ಸಲುವಾಗಿಯೂ ಸ್ಥಳಾಭಾವದಿಂದಲೂ ಬಿ.ಬಿ.ಸಿ.ಯವರು ಹಳೆಯ ಕಾರ್ಯಕ್ರಮಗಳನ್ನು ಅಳಿಸತೊಡಗಿದರು. ಈ ಧಾರಾವಾಹಿಯ ಮೊದಲ ಆರು ವರ್ಷಗಳ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದು ದೊರೆಯುವುದಿಲ್ಲ. ವಾರಿಸ್ ಹುಸೇನರು ಬಹುಭಾಗವನ್ನು ನಿರ್ದೇಶಿಸಿದ 'ಮಾರ್ಕೊ ಪೋಲೋ' (1964) ಎಂಬ ಏಳು ಕಂತುಗಳ ಕಥೆಯೂ ಹೀಗೆಯೇ ನಷ್ಟವಾಯಿತು. ಆದರೆ ಕಳೆದುಹೋದ ಆ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಪ್ರಸಾರವಾಗುತ್ತಿದ್ದ ಹೊತ್ತಿನಲ್ಲಿ ಕೆಲವು ಎಳೆಯ ಅಭಿಮಾನಿಗಳು ಪೆಟ್ಟಿಗೆಯ ಮುಂದೆ ಧ್ವನಿಗ್ರಾಹಕವನ್ನು ಹಿಡಿದು ತಮ್ಮ ಮನೆಯ ಟೇಪಿನಲ್ಲಿ ತುಂಬಿಟ್ಟುಕೊಂಡಿದ್ದರು! ದೃಶ್ಯನಾಟಕವಾಗಿ ಹುಟ್ಟಿದುದು ಹೀಗೆ ಶ್ರವ್ಯನಾಟಕವಾಗಿ ಬದುಕಿತು. 1989ರಲ್ಲಿ ಧಾರಾವಾಹಿಯು ನಿಂತುಹೋದ ಮೇಲೆ, 1999ರಿಂದ ಬಿಗ್ ಫಿನಿಷ್ ಎಂಬ ಸಂಸ್ಥೆಯು ಅವೇ ಪಾತ್ರಗಳನ್ನು, ಹಲವೆಡೆ ಅವೇ ನಟರ ಕಂಠದಲ್ಲಿ, ಹೊಸ ಶ್ರವ್ಯನಾಟಕಗಳಾಗಿ ಹೊರತರತೊಡಗಿತು. ದೂರದರ್ಶನದಲ್ಲಿ ಕಥೆಯು ಮರಳಿ ಆರಂಭವಾದುದು 2005ರಲ್ಲಿ. ನಡುವಣ ಆರು ವರ್ಷ ಅದಕ್ಕೆ ಕಿವಿಯೇ ಮುಖ್ಯ ಆಶ್ರಯ.

ಪುರಾತನ ದುಷ್ಟಶಕ್ತಿಯ ಮಾತಿಗೆ ಬಂದರೆ, ಈ ಮಾದರಿಗೆ ಅತಿ ಪ್ರಸಿದ್ಧವಾದುದು 1975ರ 'ಪಿರಮಿಡ್ಸ್ ಆಫ್ ಮಾರ್ಸ್' ಎಂಬ ಕಥೆ. ಈಜಿಪ್ಟಿನ ಸಮಾಧಿಯೊಂದನ್ನು 1911ರಲ್ಲಿ ವಿದ್ವಾಂಸನೊಬ್ಬನು ತೆರೆಯುತ್ತಾನೆ. ಒಳಗೆ ಸಹಸ್ರಾರು ವರ್ಷಗಳಿಂದ ಬಂಧಿತನಾಗಿದ್ದ ಸುತೇಖನು ಎಚ್ಚರಗೊಳ್ಳುತ್ತಾನೆ. ಈಜಿಪ್ಟಿನ ಪುರಾಣದಲ್ಲಿ ಅಣ್ಣ ಒಸೈರಿಸನನ್ನು ಕೊಂದ ಸೆತ್ ಎಂಬ ದೇವತೆಯೇ ಇವನು. ಆ ಪಾತ್ರಕ್ಕೆ ಕದಲದ ಮುಖವಾಡವೊಂದನ್ನು ತೊಡಿಸಿ, ಕಥೆಯ ಬಹುಭಾಗ ಆಸನದಲ್ಲಿಯೇ ಕೂರಿಸಿದ್ದರು. ಹೀಗಾಗಿ ಗೇಬ್ರಿಯಲ್ ವುಲ್ಫ್ ಎಂಬ ನಟನಿಗೆ ಉಳಿದುದು ಕಂಠವೊಂದೇ. ಮೆಲುದನಿಯಲ್ಲಿ, ಅವಸರವಿಲ್ಲದೆ ಆಡಿದ ಆ ಮಾತುಗಳು ಕಿರುಚಾಟಕ್ಕಿಂತ ಹೆಚ್ಚು ಭೀತಿಯನ್ನು ಹುಟ್ಟಿಸಿದವು. 2024ರಲ್ಲಿ ಸುತೇಖನನ್ನು ಮತ್ತೆ ತಂದಾಗ, ರೂಪವನ್ನು ಪೂರ್ತಿಯಾಗಿ ಬದಲಿಸಿದರೂ ಕಂಠಕ್ಕಾಗಿ ತೊಂಬತ್ತು ದಾಟಿದ ಅದೇ ನಟನನ್ನು ಕರೆದರು. ದುಷ್ಟನು ಪುರಾತನನೆಂದು ನಂಬಿಸುವುದು ರೂಪದಿಂದ ಕಷ್ಟ. ರೂಪವು ಬಹುಬೇಗ ಹಳತಾಗಿ ನಗೆಗೀಡಾಗುತ್ತದೆ.

ಇನ್ನು ಮುಂಬಯಿಯ ವೈಜ್ಞಾನಿಕ ಕಥೆಯನ್ನು ನೋಡಬಹುದು. ಇಲ್ಲಿಯ ಮರಾಠಿ ವಿಜ್ಞಾನ ಪರಿಷತ್ತು (ಸ್ಥಾಪನೆ 1966) ನಡೆಸಿದ ಸ್ಪರ್ಧೆಗೆ 1974ರಲ್ಲಿ 'ಕೃಷ್ಣವಿವರ' ಎಂಬ ಕಥೆಯೊಂದು ಗುಪ್ತನಾಮದಲ್ಲಿ ಬಂದು ಬಹುಮಾನ ಗಳಿಸಿತು. ಬರೆದವರು ಆಗ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದ ಖಗೋಳವಿಜ್ಞಾನಿ ಜಯಂತ ನಾರಳೀಕರ್ (1938–2025). ಅವರ ಇನ್ನೊಂದು ಕಥೆಯಲ್ಲಿ ಗಂಗಾಧರಪಂತರೆಂಬ ಇತಿಹಾಸದ ಪ್ರಾಧ್ಯಾಪಕರು ಪುಣೆಯಿಂದ ರೈಲಿನಲ್ಲಿ ಬಂದಿಳಿದರೆ, ಎದುರಿಗಿರುವುದು ಬೇರೊಂದು ಮುಂಬಯಿ: 1761ರ ಪಾಣಿಪತ ಯುದ್ಧದಲ್ಲಿ ಮರಾಠರು ಗೆದ್ದಿದ್ದಾರೆ, ಈ ನಗರವೊಂದು ಮಾತ್ರ ಇನ್ನೂ ಆಂಗ್ಲರ ಕೈಯಲ್ಲಿದೆ. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಕುಳಿತು, ಚರಿತ್ರೆಯು ದಾರಿ ತಪ್ಪಿದ್ದು ಎಲ್ಲಿ ಎಂದು ಅವರು ಹುಡುಕುತ್ತಾರೆ. 'ವಾಮನ ಪರತ ನ ಆಲಾ' ಎಂಬ ಕಾದಂಬರಿಯಲ್ಲಿ ನೆಲದಾಳದಿಂದ ಬಂದ ಪುರಾತನ ಸಂಪುಟವೊಂದಿದೆ. ಅದರೊಳಗಿರುವುದು ರಾಕ್ಷಸನಲ್ಲ, ಜ್ಞಾನ. ಆ ಜ್ಞಾನದಿಂದ ನಿರ್ಮಿತವಾದ ಯಂತ್ರಮಾನವನೇ ವಾಮನ. ಕೆಡುಕು ಹಿಂದಿನವರಿಂದ ಬಂದರೂ ಅದನ್ನು ಮತ್ತೆ ಕಟ್ಟುವ ಕೈ ಇಂದಿನವರದು ಎಂಬಲ್ಲಿ ಸುತೇಖನ ಕಥೆಗಿಂತ ಇದು ಒಂದು ಹೆಜ್ಜೆ ಮುಂದಿದೆ.

ಗಂಗಾಧರಪಂತರ ಕಥೆಯನ್ನು ಧ್ವನಿಯಲ್ಲಿ ತರಬೇಕಾದರೆ ಏನು ಮಾಡಬೇಕು? ಮುಂಬಯಿಯ ಉಪನಗರಗಳಲ್ಲಿ ವಾಸಿಸುವ ಕನ್ನಡಿಗನಿಗೆ ಉತ್ತರ ದಿನವೂ ಕಿವಿಗೆ ಬೀಳುತ್ತಿದೆ. ಲೋಕಲ್ ಗಾಡಿಯಲ್ಲಿ ನಿಲ್ದಾಣದ ಹೆಸರನ್ನು ಸಾರುವ ದನಿಯೇ ಕಾಲದ ಗುರುತು. 'ಎಲ್ಫಿನ್‌ಸ್ಟನ್ ರೋಡ್' ಎಂದು ಕೇಳಿದರೆ ಅದು 2018ಕ್ಕೆ ಹಿಂದಿನ ಕಾಲ. 'ಪ್ರಭಾದೇವಿ' ಎಂದರೆ ಅನಂತರದ್ದು. ವಿಕ್ಟೋರಿಯಾ ಟರ್ಮಿನಸ್ಸು 1996ರಲ್ಲಿ ಹೆಸರು ಬದಲಿಸಿತು. ನಾಟಕಕಾರನಿಗೆ ಇಷ್ಟೇ ಸಾಕು. ಚಿತ್ರದಲ್ಲಾದರೆ ಇಡೀ ನಿಲ್ದಾಣವನ್ನು ಹೊಸದಾಗಿ ಕಟ್ಟಬೇಕಾಗುತ್ತಿತ್ತು.

ಆದರೆ ಕನ್ನಡಕ್ಕೆ ಇರುವ ಸೌಕರ್ಯ ಇದಕ್ಕಿಂತಲೂ ದೊಡ್ಡದು. ಇಂಗ್ಲಿಷಿನ ಆ ಕಥೆಗಳಲ್ಲಿ ಕಾಲವಾಹನವೇ ಎಲ್ಲ ಭಾಷೆಗಳನ್ನೂ ಯಾತ್ರಿಕನ ಕಿವಿಗೆ ಅನುವಾದಿಸಿಬಿಡುತ್ತದೆ. ರೋಮಿನವನೂ ಈಜಿಪ್ಟಿನವನೂ ಒಂದೇ ಇಂಗ್ಲಿಷನ್ನು ಆಡುತ್ತಾರೆ. ಅನುಕೂಲವೇನೋ ನಿಜ, ಆದರೆ ಕಿವಿಗೆ ದಕ್ಕಬೇಕಾದ ರಸವೊಂದು ಅಲ್ಲಿ ನಷ್ಟವಾಯಿತು. ಬೊರಿವಲಿಯ ಕಾನ್ಹೇರಿ ಗುಹೆಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ನೂರಕ್ಕೂ ಹೆಚ್ಚಿನ ಆ ಬೌದ್ಧ ಗುಹೆಗಳಲ್ಲಿ 9ನೆಯ ಶತಮಾನದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನನ್ನೂ ಅವನ ಮಾಂಡಲಿಕರಾದ ಕೊಂಕಣದ ಶಿಲಾಹಾರರನ್ನೂ ಹೆಸರಿಸುತ್ತವೆ. 'ಕವಿರಾಜಮಾರ್ಗ'ವು ಹುಟ್ಟಿದುದು ಅದೇ ದೊರೆಯ ಆಸ್ಥಾನದಲ್ಲಿ. ಇಂದಿನ ಬೊರಿವಲಿಯ ವಿದ್ಯಾರ್ಥಿಯೊಬ್ಬನು ಆ ಗುಹೆಯ ಕತ್ತಲೆಯಲ್ಲಿ ಕಾಲು ಜಾರಿ ಹನ್ನೊಂದು ಶತಮಾನ ಹಿಂದಕ್ಕೆ ಬಿದ್ದನೆಂದು ಇಟ್ಟುಕೊಂಡರೆ, ಮಾನ್ಯಖೇಟದಿಂದ ಬಂದ ರಾಜಪುರುಷನ ಬಾಯಿಂದ ಅವನು ಕೇಳುವುದು 'ಹಾಲು, ಹಗಲು, ಹೆಸರು' ಎಂದಲ್ಲ. 'ಪಾಲ್, ಪಗಲ್, ಪೆಸರ್' ಎಂದು. ಮೊದಲ ಪಕಾರವು ಹಕಾರವಾಗಿ ಬದಲಾದುದು ಮುಂದಿನ ಶತಮಾನಗಳಲ್ಲಿ. ಈಗ ನಾಲಗೆಯಿಂದ ಮರೆಯಾಗಿರುವ ೞಕಾರ, ಱಕಾರಗಳೂ ಅಲ್ಲಿ ಕೇಳಿಬರುತ್ತವೆ. ಕೇಳುಗನಿಗೆ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತನ್ನದೇ ಮನೆಯಲ್ಲಿ ಪರಕೀಯನಾದ ಆ ಅನುಭವವೇ ನಿಜವಾದ ಕಾಲಯಾನ. ಮುದ್ರಿತ ಪುಟದಲ್ಲಿ ಇದು ಪಾಂಡಿತ್ಯದಂತೆ ಕಾಣುವುದು, ಚಲಚ್ಚಿತ್ರದಲ್ಲಿ ಉಡುಗೆತೊಡುಗೆಗಳ ಆಡಂಬರದಲ್ಲಿ ಮುಚ್ಚಿಹೋಗುವುದು.

ಕನ್ನಡಿಗರಿಗೆ ಇಂಥ ಕಥೆ ಹೊಸದೂ ಅಲ್ಲ. ಭಾಗವತದ ಮುಚುಕುಂದನನ್ನು ನೆನೆಯಬಹುದು. ದೇವತೆಗಳ ಪಕ್ಷದಲ್ಲಿ ಕಾದಿ ದಣಿದ ಈ ಮಾಂಧಾತನ ಮಗನು ಗುಹೆಯಲ್ಲಿ ಯುಗಗಟ್ಟಲೆ ಮಲಗಿದ್ದನು. ಕೃಷ್ಣನನ್ನು ಅಟ್ಟಿಕೊಂಡು ಬಂದ ಕಾಲಯವನನು ಅವನನ್ನು ಒದೆದು ಎಬ್ಬಿಸಿ, ಅವನ ನೋಟಕ್ಕೆ ಬೂದಿಯಾದನು. ಅನಂತರ ಗುಹೆಯಿಂದ ಹೊರಬಂದ ಮುಚುಕುಂದನು ಕಂಡದ್ದೇನು? ಮನುಷ್ಯರೂ ಪಶುಗಳೂ ಮರಗಳೂ ಗಾತ್ರದಲ್ಲಿ ಕುಗ್ಗಿಹೋಗಿವೆ. ಅದರಿಂದಲೇ ಅವನಿಗೆ ಕಲಿಯುಗವು ಬಂದಿತೆಂದು ತಿಳಿಯಿತು. ವೆಲ್ಸನ ಯಾತ್ರಿಕನು ಭವಿಷ್ಯದಲ್ಲಿ ಕುಬ್ಜರಾದ ಮಾನವರನ್ನು ಕಂಡುದಕ್ಕೂ ಇದಕ್ಕೂ ಎಷ್ಟು ಸಾಮ್ಯ! ಒಂದು ಭೇದ ಮಾತ್ರ ಗಮನಾರ್ಹ. ಇಂಗ್ಲಿಷ್ ಕಥೆಯ ಗುಹೆಯಲ್ಲಿ ಮಲಗಿರುವುದು ಕೆಡುಕು. ಇಲ್ಲಿ ಮಲಗಿದವನು ಸಜ್ಜನ, ಕೆಡುಕು ಹೊರಗಿನಿಂದ ಕಾಲಿಡುತ್ತದೆ.

ಇಂಥ ಯುಗಾಂತರದ ಭೇಟಿಗಳನ್ನು ಕೇವಲ ಕಂಠದಿಂದ ಆಡಿತೋರಿಸುವ ಕಲೆಯೇ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಭಾಗವತರ ಪದ್ಯ, ಮದ್ದಳೆ ಚೆಂಡೆಗಳ ಹಿಮ್ಮೇಳ, ಅರ್ಥಧಾರಿಗಳ ಆಶುಮಾತು ಇಷ್ಟೇ. ಕಣ್ಣು ಮುಚ್ಚಿ ಕೇಳಿದರೂ ನಷ್ಟವಿಲ್ಲ. ಮೇಳಗಳ ತಿರುಗಾಟವು ನಿಲ್ಲುವ ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಉಪನಗರಗಳ ಸಭಾಗೃಹಗಳಲ್ಲಿ ಅರ್ಥ ಹೇಳುವ ವಾಡಿಕೆಯನ್ನು ಇಲ್ಲಿಯ ಕನ್ನಡ ತುಳು ಬಾಂಧವರು ಬಲ್ಲರು. ಬಹಳ ಮೆಚ್ಚಿಕೆಯ ಎರಡು ಪ್ರಸಂಗಗಳನ್ನು ನೋಡಿರಿ. 'ಶರಸೇತು ಬಂಧನ'ದಲ್ಲಿ ತ್ರೇತಾಯುಗದ ಹನುಮಂತನು ದ್ವಾಪರದ ಅರ್ಜುನನನ್ನು ಸಂಧಿಸಿ, ಅವನ ಬಾಣದ ಸೇತುವೆಯನ್ನು ಮುರಿಯುತ್ತಾನೆ. 'ಜಾಂಬವತಿ ಕಲ್ಯಾಣ'ದಲ್ಲಿ ಗುಹೆಯೊಳಗಿನ ಮುದಿ ಜಾಂಬವಂತನು ಕೃಷ್ಣನೊಡನೆ ಹೋರಾಡಿ, ಕಡೆಗೆ ಅವನಲ್ಲಿ ತನ್ನ ರಾಮನನ್ನು ಗುರುತಿಸುತ್ತಾನೆ. ಒಂದು ಯುಗದ ನೆನಪು ಇನ್ನೊಂದು ಯುಗದ ಗರ್ವಕ್ಕೆ ಎದುರಾಗುವ ಈ ಸಂದರ್ಭಗಳಲ್ಲಿ ನುರಿತ ಅರ್ಥಧಾರಿಯು ಉಸಿರಿನ ಭಾರದಿಂದಲೇ ಜಾಂಬವಂತನ ವಯಸ್ಸನ್ನು ಕಾಣಿಸುತ್ತಾನೆ.

ದುಷ್ಟಪಾತ್ರದ ವಿಷಯದಲ್ಲಂತೂ ತಾಳಮದ್ದಳೆಯು ಇಂಗ್ಲಿಷ್ ಶ್ರವ್ಯನಾಟಕಕ್ಕೆ ಪಾಠ ಹೇಳಬಲ್ಲದು. ಸುತೇಖನು ಬೆದರಿಸುತ್ತಾನೆ, ಆಜ್ಞಾಪಿಸುತ್ತಾನೆ, ವಾದಿಸುವುದು ಕಡಮೆ. ತಾಳಮದ್ದಳೆಯ ರಾವಣ, ಮಾಗಧ, ಕೌರವರಿಗೆ ತಮ್ಮ ಪಕ್ಷವನ್ನು ಪೂರ್ಣವಾಗಿ ಮಂಡಿಸುವ ಹಕ್ಕುಂಟು; ಎದುರಾಳಿಯು ಉತ್ತರ ಕಾಣದೆ ತಡವರಿಸಿದರೆ ಸಭೆಯು ಅದನ್ನು ಕೂಡಲೆ ಗುರುತಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಪ್ರತಿನಾಯಕ ಪಾತ್ರಗಳನ್ನು ಕೇಳಿದವರಿಗೆ, ಕೆಡುಕಿಗೂ ಒಂದು ತರ್ಕವಿರುವುದು, ಆ ತರ್ಕವು ಆಕರ್ಷಕವಾಗಿರುವುದೇ ನಿಜವಾದ ಭಯವೆಂಬುದು ಚೆನ್ನಾಗಿ ತಿಳಿದಿದೆ. ಕನ್ನಡದಲ್ಲಿ ಕಾಲಯಾನದ ಶ್ರವ್ಯನಾಟಕವನ್ನು ಬರೆಯಹೊರಟವನು ಲಂಡನ್ನಿನ ಮಾದರಿಗಿಂತ ಮೊದಲು ಈ ಮಾದರಿಯನ್ನು ಅಭ್ಯಾಸ ಮಾಡುವುದು ಮೇಲು.

ಆದರೆ ಅಭ್ಯಾಸಕ್ಕೆ ಸಾಮಗ್ರಿ ಉಳಿದಿರಬೇಕಷ್ಟೆ. ಆಶುಮಾತು ಆಡಿದ ಕೂಡಲೆ ಗಾಳಿಯಲ್ಲಿ ಕರಗುವುದು. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳಿರುತ್ತವೆ, ಅರ್ಥವಿರುವುದಿಲ್ಲ. ಲಂಡನ್ನಿನ ಆ ಅಭಿಮಾನಿಗಳಂತೆ ಇಲ್ಲಿಯೂ ರಸಿಕರು ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಕ್ಯಾಸೆಟ್ಟುಗಳನ್ನು ತುಂಬಿಸಿಕೊಂಡದ್ದುಂಟು. ಅಂಥ ಕ್ಯಾಸೆಟ್ಟುಗಳಿಗೆ ಮುಂಬಯಿಯ ಹವೆ ಪರಮಶತ್ರು. ಟೇಪಿನ ಪಟ್ಟಿಯ ಮೇಲೆ ಕಾಂತಕಣಗಳನ್ನು ಹಿಡಿದಿಡುವ ಅಂಟು ತೇವವನ್ನು ಹೀರಿ ಸಡಿಲಗೊಳ್ಳುತ್ತದೆ; ಬೂಷ್ಟು ಹಿಡಿಯುತ್ತದೆ; ಅಂಥ ಪಟ್ಟಿಯನ್ನು ಯಂತ್ರಕ್ಕೆ ಹಾಕಿದರೆ ಮಾತು ಪುಡಿಯಾಗಿ ಉದುರುತ್ತದೆ. ಒಣಗಿದ ಕಪಾಟಿನಲ್ಲಿಟ್ಟು, ಬಲ್ಲವರಿಂದ ಶುಚಿಗೊಳಿಸಿ, ಒಮ್ಮೆ ಮಾತ್ರ ನುಡಿಸಿ ಗಣಕಕ್ಕೆ ಇಳಿಸಿಕೊಳ್ಳುವುದೇ ಸದ್ಯದ ಉಪಾಯ. ಹಾಗೆ ಇಳಿಸುವಾಗ ಪ್ರಸಂಗದ ಹೆಸರು, ಸ್ಥಳ, ತಾರೀಖು, ಭಾಗವತರು ಯಾರು, ಯಾವ ಪಾತ್ರಕ್ಕೆ ಯಾರು ಅರ್ಥ ಹೇಳಿದರೆಂಬುದನ್ನು ಅಂದು ಸಭೆಯಲ್ಲಿದ್ದ ಹಿರಿಯರಿಂದ ಕೇಳಿ ಬರೆದಿಡಬೇಕು. ಆ ದನಿಗಳನ್ನು ಕೇಳಿ ಗುರುತಿಸಬಲ್ಲವರು ಮಾಟುಂಗದಲ್ಲಿಯೂ ಡೊಂಬಿವಲಿಯಲ್ಲಿಯೂ ಇನ್ನೂ ಕೆಲವರಿದ್ದಾರೆ.