ತಾರೀಕು ಮುಗಿದ ಜೆಲ್ ಹಲ್ಲನ್ನು ಬೆಳ್ಳಗಾಗಿಸುತ್ತದೆಯೇ?

"ಹಕೀಂ ಸಾಹೇಬ್ರೇ, ಮಾಮೂ ದುಬೈಯಿಂದ ತಂದ ಹಲ್ಲು ಬೆಳ್ಳಗಾಗೋ ಪಟ್ಟಿ ಹಾಗೇ ಇದೆ, ತಾರೀಕು ಮುಗಿದಿದೆ, ಹಚ್ಚಬಹುದಾ?" ಮದುವೆಗಳ ಕಾಲದಲ್ಲಿ ನಮ್ಮ ಮೇಲೂರು, ಶಿಡ್ಲಘಟ್ಟ ಕಡೆ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಇದು. ಹಚ್ಚಿದರೂ ಹೆಚ್ಚಿನ ಪ್ರಯೋಜನವಿಲ್ಲ ಎಂಬುದೇ ಉತ್ತರ.

ಇಂಥ ಪಟ್ಟಿ, ಜೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಕಾರ್ಬಮೈಡ್ ಪೆರಾಕ್ಸೈಡ್. ಎರಡನೆಯದೂ ಬಾಯಿಯಲ್ಲಿ ಒಡೆದು ಮೊದಲನೆಯದನ್ನೇ ಬಿಡುತ್ತದೆ, ಶೇ. 10ರ ಕಾರ್ಬಮೈಡ್ ಜೆಲ್‌ನಿಂದ ಸುಮಾರು ಶೇ. 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. ಅದು ಎನಾಮಲ್‌ನೊಳಗೆ ಇಳಿದು ಕಲೆಯ ಬಣ್ಣವನ್ನು ಒಡೆಯುತ್ತದೆ. ಆದರೆ ಡಬ್ಬಿಯಲ್ಲಿ ಕೂತಿದ್ದಾಗಲೂ ನಿಧಾನವಾಗಿ ನೀರು ಮತ್ತು ಆಮ್ಲಜನಕವಾಗಿ ಬೇರ್ಪಡುತ್ತಲೇ ಇರುತ್ತದೆ. ಬಿಸಿಲು, ಸೆಕೆ ತಾಗಿದರೆ ಇನ್ನೂ ಬೇಗ. ಗಾಯ ತೊಳೆಯುವ ಪೆರಾಕ್ಸೈಡ್ ತೀರಾ ಹಳೆಯದಾದರೆ ಸರಿಯಾಗಿ ನೊರೆ ಬರುವುದಿಲ್ಲವಲ್ಲ, ಹಾಗೆಯೇ ಇದು.

ತಾರೀಕು ಮುಗಿದ ಮರುದಿನವೇ ಅದು ವಿಷವಾಗುವುದಿಲ್ಲ. ಅಪಾಯ ಇರುವುದು ಬಳಸುವ ರೀತಿಯಲ್ಲಿ. ಬಣ್ಣ ಬದಲಾಗಲಿಲ್ಲವೆಂದು ಅರ್ಧ ಗಂಟೆಯ ಪಟ್ಟಿಯನ್ನು ರಾತ್ರಿಯಿಡೀ ಇಟ್ಟುಕೊಂಡರೆ, ಉಳಿದಿರುವ ಅಷ್ಟಿಷ್ಟು ಪೆರಾಕ್ಸೈಡೇ ಒಸಡನ್ನು ಸುಡಬಹುದು, ಹಲ್ಲು ಜುಮ್ಮೆನ್ನಬಹುದು. ಅದಕ್ಕಿಂತ ಕಸದ ಬುಟ್ಟಿಗೆ ಹಾಕುವುದೇ ಅಗ್ಗ.

ಬಿಳುಪಿನ ಟೂತ್‌ಪೇಸ್ಟ್ ಬೇರೆ ಬಗೆಯದು. ಅದರಲ್ಲಿನ ಸಿಲಿಕಾ ಅಥವಾ ಸುಣ್ಣದ ಪುಡಿ ಮೇಲಿನ ಚಹಾ, ಎಲೆಅಡಿಕೆಯ ಕಲೆಯನ್ನು ಉಜ್ಜಿ ತೆಗೆಯುತ್ತದೆ. ತಾರೀಕು ದಾಟಿದರೂ ಆ ಕೆಲಸ ನಡೆದೀತು. ಹುಳುಕು ತಡೆಯುವ ಫ್ಲೋರೈಡ್‌ನ ಶಕ್ತಿ ಮಾತ್ರ ಕುಗ್ಗುತ್ತದೆ. ನಮ್ಮ ಯೂನಾನಿ ಸನೂನ್ ಡಬ್ಬಿಯ ಮೇಲೂ ತಾರೀಕು ನೋಡಿ, ತೇವ ಸೇರಿ ಗಂಟುಕಟ್ಟಿದ ಪುಡಿ ಬೇಡ. ಮಿಸ್ವಾಕ್‌ಗೆ ಎಳೆಗಳೇ ಗುರುತು: ಕಪ್ಪಾಗಿ ರುಚಿ ಹೋದರೆ ತುದಿ ಕತ್ತರಿಸಿ ಹೊಸದಾಗಿ ಜಗಿಯಿರಿ. ನಿಂಬೆರಸ, ಅಡುಗೆಸೋಡ ಕಲಸಿ ಉಜ್ಜುವವರಿಗೆ ಒಂದೇ ಮಾತು: ನಿಂಬೆಯ ಹುಳಿ ಎನಾಮಲ್ಲನ್ನೇ ತಿನ್ನುತ್ತದೆ.

ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅನೇಕರ ಹಲ್ಲು ಹಳದಿ, ಕಂದು ಆಗಿರುವುದು ಉಜ್ಜದ್ದರಿಂದಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ. ಸುಮಾರು ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಆಗುವ ದೋಷ ಇದು. ಪೇಸ್ಟ್ ಉಜ್ಜಿದರೆ ಹೋಗುವುದಿಲ್ಲ. ಹೊಸ ಜೆಲ್ ಹಚ್ಚಿದರೂ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣಬಹುದು. ಇಂಥವರು ಜೆಲ್‌ಗೆ ಹಣ ಸುರಿಯುವ ಮೊದಲು ದಂತವೈದ್ಯರಿಗೆ ತೋರಿಸಲಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜೂ ಇದೆ. ಹೆಣ್ಣು ನೋಡಲು ಬಂದವರು "ಹಲ್ಲು ಉಜ್ಜಲ್ವಾ?" ಎನ್ನುವುದು ಮಾತ್ರ ಶುದ್ಧ ಅನ್ಯಾಯ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ ಬೇಯಿಸಲೂ ಬಳಸಿ.