ನಮ್ಮ ಮಾತಿನಾಗ ನಗಿಸಿದವರು



ಸಿನಿಮಾದಾಗ ನಮ್ಮ ಕಡೆ ಮಾತು ಬಂದ್ರ ಬಹಳ ಸಲ ಅದು ಆಳುಮಗನ ಬಾಯಾಗ, ಚ್ಯಾಷ್ಟಿಗೆ ಬರತೈತಿ. ಹಂಗಾರ ನಾವು ಕೇಶ್ವಾಪುರದಾಗ ಮಾತಾಡೋ ಕನ್ನಡ ಬರೇ ಚ್ಯಾಷ್ಟಿಗೇನು? ಇದಕ್ಕೆ ಉತ್ತರ ಕೊಟ್ಟವರು ನಟ, ನಿರ್ದೇಶಕ ಯಶವಂತ ಸರದೇಶಪಾಂಡೆ.

ಇವರು ವಿಜಯಪುರ ಜಿಲ್ಲೆಯ ಉಕ್ಕಲಿಯವರು. ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ಕಲಿತರು. ಹುಬ್ಬಳ್ಳಿಯಲ್ಲಿ ತಂಡ ಕಟ್ಟಿ ಊರೂರಿಗೆ ನಾಟಕ ಒಯ್ದರು. ಸಿನಿಮಾ, ಧಾರಾವಾಹಿಗಳಲ್ಲೂ ನಟಿಸಿದರು.

ಮರಾಠಿಯಿಂದ ತಂದ ‘ಆಲ್ ದಿ ಬೆಸ್ಟ್’ ನಾಟಕ ಇವರಿಗೆ ದೊಡ್ಡ ಹೆಸರು ತಂದಿತು. ಅದರಲ್ಲಿ ಮೂವರು ಗೆಳೆಯರು. ಒಬ್ಬನಿಗೆ ಕಣ್ಣು ಕಾಣದು, ಒಬ್ಬನಿಗೆ ಕಿವಿ ಕೇಳದು, ಒಬ್ಬನಿಗೆ ಮಾತು ಬಾರದು. ಮೂವರಿಗೂ ಒಬ್ಬಾಕೀ ಮ್ಯಾಲೇ ಪ್ರೀತಿ! ಒಬ್ಬನ ಮಾತು ಇನ್ನೊಬ್ಬಗ ಮುಟ್ಟೂದಿಲ್ಲ. ಆ ಗೊಂದಲದಾಗ ನಗಿ ಹುಟ್ಟತೈತಿ.

2005ರ ‘ರಾಮ ಶಾಮ ಭಾಮ’ ಚಿತ್ರಕ್ಕೆ ಹುಬ್ಬಳ್ಳಿ ಮಾತಿನ ಸಂಭಾಷಣೆ ಬರೆದವರೂ ಇವರೇ. ಅದನ್ನು ಆಡಿದವರು ತಮಿಳಿನ ದೊಡ್ಡ ನಟ ಕಮಲ್ ಹಾಸನ್! ಆಳುಮಗ ಅಷ್ಟೇ ಅಲ್ರೀ, ನಾಯಕನೂ ನಮ್ಹಂಗ ಮಾತಾಡಿದ. ಅದಕ್ಕ ನಮಗ ನಗು ಬಂತು, ನಾಚಿಕಿ ಬರಲಿಲ್ಲ.

2025ರ ಸೆಪ್ಟೆಂಬರ್ 29ರಂದು ಅವರು ತೀರಿಕೊಂಡರು. ಈ ಸಲ ಗ್ಯಾದರಿಂಗ್‌ನಾಗ ನಾವೂ ಒಂದು ನಗೆನಾಟಕ ಆಡೋಣು. ಮಾತು ಮಾತ್ರ ನಮ್ಮದೇ ಇರಲಿ. ಏನಂತೀರಿ?